ಆರನೆಯ ಹೆಗಲು

ಪೆಟ್ಟಿಗೆ ಅರ್ಧ ಹೊರಗೆ ಬಂದಾಗಿತ್ತು. ಶವದ ಕಾರಿನ ಹಿಂಬದಿ ಐವರು ಕೈಚಾಚಿ ನಿಂತಿದ್ದರು. ಆರನೆಯವನ ಜಾಗ ಖಾಲಿ.

"ಡೆರೆಕ್ ದೊಡ್ಡಪ್ಪನಿಗೆ ಬೆನ್ನು ಹಿಡ್ಕೊಂಡಿದೆಯಂತಮ್ಮ. ಬಗ್ಗೋಕೇ ಆಗ್ತಿಲ್ಲ," ಎಂದ ಕ್ರೇಗ್, ಸತ್ತವನ ಮೊಮ್ಮಗ.

ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಳ್ಳುವವನು ತಗ್ಗಿದ ದನಿಯಲ್ಲಿ, "ನಮ್ಮವನೊಬ್ಬ ಇದ್ದಾನೆ ಮೇಡಮ್, ಹೆಗಲು ಕೊಡ್ತಾನೆ," ಎಂದ.

"ಒಂದ್ನಿಮಿಷ ತಡೀರಿ," ಎಂದು ಸತ್ತವನ ಮಗಳು ಲಿನೆಟ್ ಚರ್ಚಿನ ಗೇಟಿನತ್ತ ನೋಡಿದಳು.

ಅಲ್ಲಿ ಗೋಡೆಗೊರಗಿ ವಿಲ್ಫ್ ಸ್ಟೋಕೋ ನಿಂತಿದ್ದ. ಒಳಗೂ ಬಂದಿರಲಿಲ್ಲ, ಹೊರಟೂ ಹೋಗಿರಲಿಲ್ಲ. ಅವಳಪ್ಪ ಆಲ್ಫ್ ರಟ್ಟರ್‌ನ ಜೊತೆ ಸಂಡರ್ಲೆಂಡಿನಲ್ಲಿ ಹಡಗು ತಯಾರಾಗುವ ಹಡಗುಕಟ್ಟೆಯಲ್ಲಿ ಪ್ರಾಯವೆಲ್ಲ ದುಡಿದವನು. ಆಮೇಲೆ ಮುಪ್ಪಿನವರೆಗೂ ಅವನೊಡನೆ ಮಾತು ಬಿಟ್ಟವನು.

*

ಹಡಗುಕಟ್ಟೆಗೆ ಬೀಗ ಬಿದ್ದಾಗ ಲಿನೆಟ್ ಇನ್ನೂ ಮದುವೆಯಾಗದ ಹುಡುಗಿ. ಹಗಲುಹೊತ್ತಿನಲ್ಲಿ ಕಣ್ಣಿಗೇ ಬೀಳದಿದ್ದ ಗಂಡಸರೆಲ್ಲ ಬೀದಿಬೀದಿಯಲ್ಲಿ ಸಿಗತೊಡಗಿದ್ದರು. ಚಳಿಗಾಲ ಕಳೆಯುವಷ್ಟರಲ್ಲಿ ಅಲ್ಲಿನ ಕ್ರೇನುಗಳನ್ನು ಗುಜರಿಗೆ ಹಾಕಲು ಹೊರಗಿನ ಕಂಪನಿಯೊಂದು ಬಂತು; ಗ್ಯಾಸಿನಲ್ಲಿ ಕಬ್ಬಿಣ ಕತ್ತರಿಸುವವರು ಬೇಕೆಂದಿತು. ನಮ್ಮವರು ಯಾರೂ ಹೋಗಕೂಡದೆಂದು ಕೆಲಸಗಾರರ ಕ್ಲಬ್ಬಿನಲ್ಲಿ ಮಾತಾಯಿತು. ಆಲ್ಫ್ ಹೋದ.

ಅವತ್ತು ಸಂಜೆಯೇ ವಿಲ್ಫ್ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ಆ ಕ್ರೇನಿನ ಕೆಳಗೇ ಅಲ್ವೇನೋ ನಾವು ಅನ್ನ ಉಂಡಿದ್ದು? ಅದರ ಕತ್ತು ಕುಯ್ಯೋಕೆ ನೀನೇ ಆಗ್ಬೇಕಿತ್ತಾ?"

"ನಾನು ಹೋಗ್ಲಿಲ್ಲ ಅಂದ್ರೆ ಅದು ನಿಂತಿರುತ್ತಾ?"

"ನಿಂತಿರಲ್ಲ. ನಿನ್ನ ಕೈಯಲ್ಲಂತೂ ಬೀಳ್ತಿರಲಿಲ್ಲ."

"ಬೆಳಿಗ್ಗೆ ಎದ್ದು ಹೋಗೋಕೆ ಒಂದು ಜಾಗ ಬೇಕಲ್ಲೋ ವಿಲ್ಫ್! ಗೋಡೆ ನೋಡ್ಕೊಂಡು ಕೂತು ಕೂತು ನಂಗೆ ಹುಚ್ಚು ಹಿಡೀತಿದೆ."

ವಿಲ್ಫ್ ತಿರುಗಿ ನಡೆದುಬಿಟ್ಟ. ಲಿನೆಟ್‌ಳ ಅಮ್ಮ ಅವನಿಗೆಂದು ಬಗ್ಗಿಸಿದ ಟೀ ಮೇಜಿನ ಮೇಲೇ ಆರಿತು.

ಕೊನೆಯ ಕ್ರೇನು ಬಿದ್ದ ದಿನ ಸೇತುವೆಯ ಮೇಲೆ ಊರೇ ನೆರೆದಿತ್ತು. ಆಲ್ಫ್ ಮನೆಗೆ ಬಂದವನು ಬೂಟು ಬಿಚ್ಚದೆ ಮಹಡಿಯ ಮೆಟ್ಟಿಲ ಮೇಲೆ ಕೂತ. ಊಟಕ್ಕೆ ಕರೆಯಲು ಹೋದ ಮಗಳಿಗೆ, "ನೆಟ್ಟಗೆ ಬಿತ್ತು ಕಣೆ. ಯಾರಿಗೂ ಏಟಾಗ್ಲಿಲ್ಲ," ಎಂದಷ್ಟೇ ಹೇಳಿದ. ಕ್ಲಬ್ಬಿನ ಕಡೆ ಮತ್ತೆ ಅವನು ತಲೆ ಹಾಕಲಿಲ್ಲ. ಭಾನುವಾರ ಬಂದರೆ ಒಬ್ಬನೇ ಊರಂಚಿನ ರೋಕರಿನ ಕಡಲಗೋಡೆಯ ಮೇಲೆ ಗಾಳ ಹಾಕಿ ಕೂರುತ್ತಿದ್ದ.

*

ಲಿನೆಟ್ ಗೇಟಿನವರೆಗೂ ನಡೆದು ಹೋದಳು.

"ವಿಲ್ಫ್ ಮಾಮ, ಹೊರೋಕೆ ಒಬ್ಬರು ಕಮ್ಮಿ ಇದ್ದಾರೆ."

ವಿಲ್ಫ್ ಪೆಟ್ಟಿಗೆಯತ್ತ ನೋಡಿದ. "ಅವನು ಮಾಡಿದ್ದನ್ನ ನಾನು ಮರೆತಿಲ್ಲ ಮಗಳೇ."

"ಮರೀರಿ ಅಂತ ನಾನೂ ಕೇಳ್ತಿಲ್ಲ."

"ಭಾನುವಾರ ಭಾನುವಾರ ನಮ್ಮ ಬಾಗಿಲಿಗೆ ಮೀನು ನೇತುಹಾಕಿ ಹೋಗ್ತಿದ್ದ. ಗೊತ್ತಾ ನಿಂಗೆ?"

ಲಿನೆಟ್‌ಗೆ ಗೊತ್ತಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

"ಕಾಡ್ ಮೀನು. ಶುಚಿ ಮಾಡಿಯೇ ಇಡ್ತಿದ್ದ. ಕರೀತಿರಲಿಲ್ಲ, ಬಾಗಿಲು ಬಡೀತಿರಲಿಲ್ಲ." ವಿಲ್ಫ್ ಪೆಟ್ಟಿಗೆಯ ಪಕ್ಕದ ಖಾಲಿ ಜಾಗದ ಬಳಿ ಕಾದು ನಿಂತವನತ್ತ ಬೊಟ್ಟು ಮಾಡಿದ. "ತಿಂದ್ವಿ... ಆ ಕರಿಕೋಟಿನವನು ಯಾರು?"

"ಸಂಬಳದವನು. ಅಪ್ಪನ್ನ ನೋಡಿದವನೂ ಅಲ್ಲ."

"ಗುರ್ತಿಲ್ಲದವನ ಹೆಗಲ ಮೇಲೆ ಯಾಕೆ ಹೋಗ್ಬೇಕು ಅವನು?" ವಿಲ್ಫ್ ಗೊಣಗುತ್ತಲೇ ಹೊರಟ. ಕರಿಕೋಟಿನವನು ಪಕ್ಕಕ್ಕೆ ಸರಿದ.

ಎತ್ತಿದರು. ಉಳಿದವರೆಲ್ಲ ಎತ್ತರದ ಆಳುಗಳು, ವಯಸ್ಸಾಗಿ ಕುಗ್ಗಿದ್ದ ವಿಲ್ಫ್‌ನ ಹೆಗಲಿಗೂ ಪೆಟ್ಟಿಗೆಗೂ ನಡುವೆ ಮೂರು ಬೆರಳಿನಷ್ಟು ಸಂದು ಉಳಿಯಿತು.

"ನಿಮಗೆ ಎಟುಕ್ತಿಲ್ಲ ತಾತ, ಬಿಟ್ಬಿಡಿ, ನಾವು ನೋಡ್ಕೋತೀವಿ," ಎಂದ ಕ್ರೇಗ್.

"ನೀನು ದೀಪದ ಕಂಬದ ಹಾಗೆ ಬೆಳೆದಿದ್ದು ನನ್ನ ತಪ್ಪೇನೋ? ಸುಮ್ನೆ ನಿಂತ್ಕೋ."

ಹಿಂದೆ ಯಾರೋ ಕಿಸಕ್ಕೆಂದರು. ಅಳುತ್ತಿದ್ದ ಲಿನೆಟ್‌ಗೂ ನಗು ಬಂತು.

ವಿಲ್ಫ್ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತಲೆಯ ಮೇಲಿನ ಟೋಪಿ ತೆಗೆದ. ಅದನ್ನು ಮಡಚಿ, ಮತ್ತೊಮ್ಮೆ ಮಡಚಿ, ಹೆಗಲ ಮೇಲಿನ ಸಂದಿಗೆ ತುರುಕಿದ. ಭಾರ ಅವನ ಮೇಲೂ ಇಳಿಯಿತು.

ಆರೂ ಜನ ಮೆಲ್ಲಗೆ ಹೆಜ್ಜೆ ಹಾಕಿದರು. ನದಿಯ ಕಡೆಯಿಂದ ಬೀಸಿದ ಗಾಳಿಗೆ ವಿಲ್ಫ್‌ನ ಬರಿದಲೆಯ ನಾಲ್ಕು ಬಿಳಿಕೂದಲು ಎದ್ದು ನಿಂತವು. ಮೇಲಕ್ಕೆ ಚಾಚಿದ ಅವನ ಅಂಗೈ, ಒಳಗೆ ಆಲ್ಫ್‌ನ ತಲೆ ಇದ್ದ ಕಡೆ, ಮರಕ್ಕೆ ಒತ್ತಿಕೊಂಡೇ ಇತ್ತು.