ಬಲಗಡೆಯಿಂದ ಹತ್ತಿದ ಬೆಟ್ಟ

ನಮ್ಮ ಮಾವನಿಗೆ ಸಿಟ್ಟು ಬರುವುದು ಅಪರೂಪ, ನನಗೆ ಬರದೇ ಇರುವುದು ಅಪರೂಪ. ಹಾಗಾಗಿ ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳುತ್ತೇನೆ. ಆ ವಾರವಿಡೀ ಅದು ನಮ್ಮ ಯಜಮಾನರ ಮೇಲೆ ಬೀಳುತ್ತಿತ್ತು.

ವಿಷಯ ಇಷ್ಟೇ. ಮಾವ ಊರಿನ ಗಡಿಯಾರದ ಗೋಪುರವನ್ನು ನೋಡಿಕೊಳ್ಳುವವರು. ದಿನಾ ಬೆಳಿಗ್ಗೆ ಸುರುಳಿ ಮೆಟ್ಟಿಲು ಹತ್ತಿ, ಗಡಿಯಾರಕ್ಕೆ ಕೀಲಿ ಕೊಟ್ಟು, ಚಕ್ರಗಳಿಗೆ ಎಣ್ಣೆ ಬಿಟ್ಟು ಇಳಿಯುತ್ತಾರೆ. ಎಪ್ಪತ್ತು ದಾಟಿತು, ಇನ್ನು ಸಾಕು, ಗೋಪುರದ ಬೀಗದ ಕೈ ವಾಪಸು ಕೊಟ್ಟುಬಿಡಿ ಎಂದು ಮಗನ ಹಟ. ಮಗ ಎಂದರೆ ನಮ್ಮ ಯಜಮಾನರು. ಮೇಜು ಕುರ್ಚಿ ಸಾಗಿಸುವ ವ್ಯಾನ್ ಓಡಿಸುತ್ತಾರೆ. ಮಹಡಿಗೂ ವ್ಯಾನಿನಲ್ಲೇ ಹೋಗುವಂತಿದ್ದರೆ ಹೋಗುವ ಆಸಾಮಿ.

"ಮೊಣಕಾಲು ಕೈಕೊಟ್ರೆ ಆ ಮೆಟ್ಟಿಲ ಮೇಲಿಂದ ಉರುಳಿ ಬೀಳ್ತೀರಪ್ಪಾ" ಎಂದರು ಒಂದು ದಿನ ಊಟಕ್ಕೆ ಕೂತಾಗ.

"ನನ್ನ ಮೊಣಕಾಲು ನಿನ್ನದಕ್ಕಿಂತ ಗಟ್ಟಿಯಾಗಿದೆ ಕಣೋ. ಬೇಕಾದ್ರೆ ಸೈಕಲ್‌ನಲ್ಲಿ ಬೆಟ್ಟದ ಗುಡಿ ಸುತ್ತಿ ಬರ್ತೀನಿ, ಆಮೇಲೆ ಮಾತಾಡು" ಎಂದರು ಮಾವ.

ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ತುಳಿದಾದರೂ ಸರಿ, ನೂಕಿಕೊಂಡಾದರೂ ಸರಿ, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿದು ಬಂದರೆ ಬೀಗದ ಕೈ ಮಾವನ ಹತ್ತಿರವೇ ಇರಬೇಕು. ನಡುವೆ ವ್ಯಾನ್ ಕರೆಸಿಕೊಂಡರೆ ಅವತ್ತೇ ವಾಪಸು ಕೊಡಬೇಕು. ಕಾವಲಿಗೆ ನಾನು. ನನ್ನ ಕಸುಬು ಹೊಲಿಗೆ. ವರ್ಷಗಟ್ಟಲೆ ಹೊಲಿಗೆಯಂತ್ರ ತುಳಿದ ಕಾಲಿಗೆ ಸೈಕಲ್ ಯಾವ ಲೆಕ್ಕ ಎಂದು ಜಂಬದಿಂದ ಒಪ್ಪಿಕೊಂಡೆ. ನಾನೇ ಹೊಲಿದುಕೊಂಡ ಷರಾಯಿಯ ಜೇಬಿಗೆ ಫೋನು ಸೇರಿತು.

ಹೊರಡುವ ದಿನ ನಮ್ಮ ಯಜಮಾನರು ವ್ಯಾನಿನ ಅಡಿ ಮಲಗಿ ಏನೋ ಬಿಗಿಯುತ್ತಿದ್ದರು. ಅಲ್ಲಿಂದಲೇ ದಾರಿ ಹೇಳಿದರು. "ಅಪ್ಪಾ, ಒಂದು ಕಡೆ ರಸ್ತೆ ವಿಪರೀತ ಕಡಿದು. ಅಲ್ಲಿಂದ ಹತ್ತಬೇಡಿ. ಬೆಟ್ಟವನ್ನ ಗಡಿಯಾರ ಅಂದ್ಕೊಳ್ಳಿ. ಕೆಳಗೆ ಆರರ ಹತ್ತಿರ ನಾವು, ಮೇಲೆ ಹನ್ನೆರಡರ ಹತ್ತಿರ ಗುಡಿ. ಮುಳ್ಳು ಹತ್ತೋ ಕಡೆಯಿಂದ ಹತ್ತಿ, ಇಳಿಯೋ ಕಡೆಯಿಂದ ಇಳೀರಿ."

"ನನಗೇ ಗಡಿಯಾರ ಹೇಳಿಕೊಡ್ತೀಯೇನೋ!" ಎಂದು ಮಾವ ಪೆಡಲ್ ತುಳಿದೇಬಿಟ್ಟರು.

ಬೆಟ್ಟದ ಬುಡದಲ್ಲಿ ರಸ್ತೆ ಕವಲೊಡೆದಿತ್ತು. ಎರಡು ಕಡೆಗೂ ಗುಡಿಯ ಬೋರ್ಡೇ ಇತ್ತು. ಮಾವ ಒಂದು ಕ್ಷಣವೂ ಯೋಚಿಸದೆ ಬಲಕ್ಕೆ ತಿರುಗಿದರು. ನಾನೂ ತಿರುಗಿದೆ.

ಮೊದಲ ತಿರುವಿನಲ್ಲಿ ನನ್ನ ಜಂಬ ಇಳಿಯಿತು, ಎರಡನೆಯದರಲ್ಲಿ ನಾನೇ ಇಳಿದೆ. ರಸ್ತೆ ಗೋಡೆಗೆ ಒರಗಿಸಿಟ್ಟ ಏಣಿಯ ಹಾಗಿತ್ತು. ಇದು ಸುಲಭದ ದಾರಿಯಾದರೆ ಕಷ್ಟದ ದಾರಿ ಹೇಗಿರಬೇಡ ಎಂದುಕೊಂಡು ಗಂಡನಿಗೆ ಮನಸಾರೆ ಶಾಪ ಹಾಕಿದೆ. ಹೊಲಿಗೆಯಂತ್ರ ಎಷ್ಟು ತುಳಿದರೂ ಮನುಷ್ಯರನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎನ್ನುವುದು ನನಗೆ ಹೊಳೆದದ್ದೇ ಆಗ.

ಮಾವ ಮಾತ್ರ ಗುನುಗುತ್ತಾ ತುಳಿಯುತ್ತಿದ್ದರು. ದಮ್ಮು ಕಟ್ಟಿದರೆ ಇಳಿದು ನೂಕುತ್ತಿದ್ದರು, ಸರಿಹೋದರೆ ಮತ್ತೆ ಹತ್ತುತ್ತಿದ್ದರು. "ಮೇಲೆ ನೋಡಬೇಡಮ್ಮ. ಗೋಪುರದಲ್ಲೂ ಅಷ್ಟೇ, ಮೇಲೆ ನೋಡಿದವನಿಗೆ ಮೆಟ್ಟಿಲು ಜಾಸ್ತಿಯಾಗುತ್ತೆ."

ಅರ್ಧ ದಾರಿಯಲ್ಲಿ ನಾನು ಹುಲ್ಲಿನ ಮೇಲೆ ಉರುಳಿಕೊಂಡೆ. ಕೈ ತಾನಾಗಿ ಫೋನಿಗೆ ಹೋಯಿತು. ಕರೆದರೆ ನನ್ನ ಜೀವ ಉಳಿಯುತ್ತದೆ, ಮಾವನ ಗೋಪುರ ಹೋಗುತ್ತದೆ.

ಮಾವ ನೋಡಿದರು. ನೋಡದವರ ಹಾಗೆ ಸೈಕಲ್ಲಿನ ಚೈನು ಒರೆಸುತ್ತಾ ನಿಂತರು. "ಆಗಲ್ಲ ಅಂದ್ರೆ ಅವನನ್ನ ಕರೆದುಬಿಡಮ್ಮ. ಬೀಗದ ಕೈ ಏನು ಮಹಾ. ಬೆಳಿಗ್ಗೆ ಹೊತ್ತು ಇನ್ನೇನಾದ್ರೂ ಮಾಡ್ಕೊಂಡಿದ್ರಾಯ್ತು."

ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನಗೆ ಅಳು ಬಂತು. ಅಳುವುದು ನನಗೆ ಒಗ್ಗುವುದಿಲ್ಲವಾದ್ದರಿಂದ ಅದನ್ನು ಸಿಟ್ಟು ಮಾಡಿಕೊಂಡು ಎದ್ದೆ.

"ಯಾರು ಕರೀತಾರೆ ಮಾವ? ಟೈಮ್ ಎಷ್ಟಾಯ್ತು ಅಂತ ನೋಡ್ದೆ, ಅಷ್ಟೇ. ನಡೀರಿ!"

ಆಮೇಲಿನ ದಾರಿಯನ್ನು ಮರದಿಂದ ಮರಕ್ಕೆ ಎಂದು ಹಂಚಿಕೊಂಡು ಹತ್ತಿದೆವು. ಒಂದು ಮರ ತಲುಪುವುದು, ನಿಲ್ಲುವುದು, ಅರ್ಧ ಬಾಳೆಹಣ್ಣು, ಮುಂದಿನ ಮರ. ಕೊನೆಗೊಂದು ತಿರುವು ದಾಟಿದರೆ ಮುಂದೆ ಮರವೂ ಇಲ್ಲ, ಏರೂ ಇಲ್ಲ. ಗುಡಿ ಎದುರಿಗಿತ್ತು. ಮಾವ ಮಗುವಿನ ಹಾಗೆ ಬೆಲ್ ಹೊಡೆದರು.

ಗುಡಿಯ ಮುಂದೆ ಒಬ್ಬ ಮನುಷ್ಯ ಕಂಡಕಂಡವರನ್ನೆಲ್ಲ ನಿಲ್ಲಿಸಿ, "ಒಬ್ಬರು ವಯಸ್ಸಾದವರು, ಒಬ್ಬಳು ಹೆಂಗಸು, ಸೈಕಲ್‌ನಲ್ಲಿ..." ಎಂದು ಕೇಳುತ್ತಿದ್ದ. ನಮ್ಮ ಯಜಮಾನರು! ಅಪ್ಪನ ಮೇಲೆ ಕಣ್ಣಿಟ್ಟಿರಬೇಕೆಂದು ವ್ಯಾನಿನಲ್ಲಿ ಕದ್ದು ಹಿಂದೆ ಹೊರಟಿದ್ದರಂತೆ. ಎಡಗಡೆಯ ದಾರಿಯುದ್ದಕ್ಕೂ ನಾವು ಸಿಗದೆ, ಪ್ರತಿ ಕಂದಕಕ್ಕೂ ಬಗ್ಗಿ ನೋಡಿಕೊಂಡು ಬಂದಿದ್ದರಂತೆ. ಅಂಗಿಯ ಗುಂಡಿ ಹೆಚ್ಚುಕಮ್ಮಿಯಾಗಿತ್ತು.

"ಎಲ್ಲಿಂದ ಬಂದ್ರಿ?"

ಮಾವ ಹಿಂದಕ್ಕೆ ಕೈ ತೋರಿಸಿದರು.

"ಆ ಕಡೆಯಿಂದಲಾ? ಅದು ಇಳಿಯೋಕೇ ಹೆದರೋ ದಾರಿ! ಮುಳ್ಳು ಹತ್ತೋ ಕಡೆ ಅಂತ ಹೇಳಿದ್ದೆನಲ್ಲಪ್ಪಾ! ಎಡಗಡೆ!"

"ಎಡಗಡೆನಾ?" ಮಾವನಿಗೆ ನಿಜಕ್ಕೂ ಆಶ್ಚರ್ಯ. ಗಾಳಿಯಲ್ಲಿ ಬೆರಳಿನಿಂದ ಗಡಿಯಾರ ಬರೆದರು. "ಆರರಿಂದ ಹನ್ನೆರಡಕ್ಕೆ ಮುಳ್ಳು ಹತ್ತೋದು ಬಲಗಡೆಯಿಂದ. ದಿನಾ ನೋಡ್ತೀನಪ್ಪ."

ನಾವಿಬ್ಬರೂ ಅವರ ಮುಖ ನೋಡಿದೆವು. ಆಮೇಲೆ ನನಗೆ ತಟ್ಟನೆ ಅರ್ಥವಾಯಿತು. ಗೋಪುರದ ಗಡಿಯಾರಕ್ಕೆ ಮಂಜುಗಾಜಿನ ಮುಖ, ಮುಳ್ಳಿನ ನೆರಳು ಒಳಗಿನಿಂದಲೂ ಕಾಣುತ್ತದೆ. ಮಾವ ಅದರ ಬೆನ್ನಿಗೆ ನಿಂತು ಕೆಲಸ ಮಾಡುವವರು. ಇಡೀ ಊರಿಗೆ ಎಡದಿಂದ ಹತ್ತುವ ಮುಳ್ಳು ಅವರೊಬ್ಬರಿಗೆ ಬಲದಿಂದ ಹತ್ತುತ್ತದೆ. ನಗು ತಡೆಯಲಾರದೆ ನಾನು ಸೈಕಲ್ ಬಿಟ್ಟು ಅಲ್ಲೇ ಕೂತೆ. ಹೇಳಿದಾಗ ಮಾವನೂ ಹಣೆ ಚಚ್ಚಿಕೊಂಡು ನಕ್ಕರು.

ನಮ್ಮ ಯಜಮಾನರು ನಗಲಿಲ್ಲ. ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಾ, "ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಒಳಗೆ ಬಂದು ನೋಡಿಲ್ಲ ಅಲ್ವಾ ಅಪ್ಪಾ" ಎಂದರು.

"ಕರೆದಿದ್ದೆ. ನಿನಗೆ ಪುರುಸೊತ್ತಿರಲಿಲ್ಲ" ಎಂದರು ಮಾವ. ಅದರಲ್ಲಿ ದೂರಿನ ದನಿಯೇ ಇರಲಿಲ್ಲ, ಅದಕ್ಕೇ ಚುರುಕ್ಕೆಂದಿತು.

"ಇಳಿದು ಮನೆಗೆ ಬನ್ನಿ. ಬೀಗದ ಕೈ ಮಾತು ಇನ್ನು ನಾನು ಎತ್ತಲ್ಲ. ನಾಳೆ ಬೆಳಿಗ್ಗೆ ನಿಮ್ಮ ಜೊತೆ ನಾನೂ ಗೋಪುರ ಹತ್ತುತ್ತೀನಿ."

ಮಾವ ಸೈಕಲ್ ಏರಿ, ಮಗನ ಹೊಟ್ಟೆಯನ್ನೂ ಮೊಣಕಾಲನ್ನೂ ಒಮ್ಮೆ ಅಳೆದು ನೋಡಿದರು.

"ಮೆಟ್ಟಿಲು ಬಹಳ ಇದೆ ಕಣೋ. ನಿನ್ನ ಕೈಲಾಗುತ್ತಾ?"