ಕಂಡಕ್ಟರಣ್ಣ ಕಲಿಸಿದ ಇಂಗ್ಲಿಷು

ಪರದೇಶದ ಆ ಭೇಟಿ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ. ಯಾರು ಮಾಡಿದ ಕಾನೂನೋ, ಅವರ ಬಾಯಿಗೆ ಮಣ್ಣು ಬೀಳಲಿ. ಮಕ್ಕಳ ರಕ್ಷಣೆಯ ಕಚೇರಿಯ ಮೇಡಂ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಅಜ್ಜಿ ಮೊಮ್ಮಗಳು ಆಡುವ ಒಂದೊಂದು ಮಾತನ್ನೂ ಬರೆದುಕೊಳ್ಳಬೇಕು. ತನಗೆ ತಿಳಿಯದ ಮಾತನ್ನು ಆಕೆ ಬರೆಯುವುದಾದರೂ ಹೇಗೆ? ದುಭಾಷಿ ಕೊಡಿ ಎಂದು ಅಜ್ಜಿ ಬೇರೆಯವರಿಂದ ಕೇಳಿಸಿದ್ದಕ್ಕೆ, ನಿಮ್ಮ ಭಾಷೆಯವರು ನಮ್ಮ ಪಟ್ಟಿಯಲ್ಲೇ ಇಲ್ಲ ಎಂಬ ಉತ್ತರ ಬಂದಿತ್ತು. ಮೊದಲ ಭೇಟಿಯ ದಿನ ಅಜ್ಜಿ ಬಾಗಿಲಲ್ಲೇ, "ಅಯ್ಯೋ ನನ್ನ ಮೆಣಸೀ, ಎಷ್ಟು ಸೊರಗಿದ್ದೀಯೇ! ಆ ಕೂದಲು ಯಾರೇ ಕತ್ತರಿಸಿದ್ದು, ಅವರ ಕೈ ಸೇದಿಹೋಗ!" ಎಂದು ಶುರುಮಾಡಿದ್ದೇ ತಡ, ಮೇಡಂ ಕೈಯೆತ್ತಿ ತಡೆದರು. ಇನ್ನೂ ಎರಡು ಸಲ ತಡೆದರು. ಎಂಟನೇ ನಿಮಿಷಕ್ಕೆ ಮಗುವಿನ ಕೈ ಹಿಡಿದುಕೊಂಡು ಹೊರಟೇಬಿಟ್ಟರು.

ಅಜ್ಜಿಗೆ ಬಾಯಿಯೇ ಬಂಡವಾಳ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ ಹನ್ನೆರಡು ವರ್ಷದಿಂದ ಇಸ್ತ್ರಿ ವಿಭಾಗದಲ್ಲಿದ್ದಳು. ಬಿಸಿ ರೋಲರಿನಿಂದ ಹೊರಬರುವ ದುಪ್ಪಟಿಯನ್ನು ಇಬ್ಬರು ಹೆಂಗಸರು ಎದುರುಬದುರು ನಿಂತು ಮೂಲೆಗೆ ಮೂಲೆ ಸೇರಿಸಿ ಮಡಚಬೇಕು. ಆ ವಿಭಾಗದಲ್ಲಿ ಮೇಸ್ತ್ರಿಯಿಂದ ಹಿಡಿದು ಎಲ್ಲರೂ ನಮ್ಮವರೇ. ಹೀಗಾಗಿ ಮಡಚುವ ಕೈಗೂ ಆಡುವ ಬಾಯಿಗೂ ಬಿಡುವಿರಲಿಲ್ಲ, ಇಂಗ್ಲಿಷಿನ ಅಗತ್ಯವೂ ಬಿದ್ದಿರಲಿಲ್ಲ. ಅಜ್ಜಿ ಅರಳು ಹುರಿದ ಹಾಗೆ ಮಾತಾಡುವುದನ್ನು ಕೇಳಲೆಂದೇ ಪಕ್ಕದ ಮೇಜಿನವರು ತಮ್ಮ ಮೇಜು ಎಳೆದುಕೊಂಡು ಬರುತ್ತಿದ್ದರು.

ಮಗಳು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಅಜ್ಜಿ ಎರಡು ಪಾಳಿ ದುಡಿಯತೊಡಗಿದಳು. ಅಳಿಯ ಎಂಬ ಮಹಾನುಭಾವ ಮೊದಲೇ ಕೈಕೊಟ್ಟು ಹೋಗಿದ್ದ. ಮೆಣಸಿಗೆ ಆಗ ಐದು ವರ್ಷ. ಹುಟ್ಟುವಾಗ ಮೆಣಸಿನಕಾಳಿನಷ್ಟೇ ಇದ್ದಳೆಂದು ಆ ಹೆಸರು. ಒಂದು ಮಧ್ಯಾಹ್ನ ಮಗು ಒಂಟಿಯಾಗಿ ಮನೆಯಲ್ಲಿದ್ದದ್ದನ್ನು ಯಾರೋ ಪುಣ್ಯಾತ್ಮರು ಕಚೇರಿಗೆ ತಿಳಿಸಿದರು. ಕಚೇರಿಯವರು ಬಂದು ಮಗುವನ್ನು ಕರೆದೊಯ್ದು, ಇಂಗ್ಲಿಷ್ ಮಾತಾಡುವ ಒಂದು ಸಾಕುವ ಮನೆಗೆ ಒಪ್ಪಿಸಿದರು. ಮೂರು ವಾರಕ್ಕೆ ಮಗಳು ತೀರಿಕೊಂಡಳು. ಅದಾಗಿ ಹತ್ತು ತಿಂಗಳಾಯಿತು. ಅಜ್ಜಿ ಈಗ ಒಂದೇ ಪಾಳಿ ಮಾಡುತ್ತಿದ್ದಳು, ಮನೆಗೆ ಸುಣ್ಣಬಣ್ಣ ಮಾಡಿಸಿದ್ದಳು, ಮಗುವಿಗೊಂದು ಮಂಚ ತಂದಿದ್ದಳು. ಇನ್ನು ಒಂದೇ ಭೇಟಿ ಬಾಕಿ. ಅದನ್ನು ನೋಡಿ ಮೇಡಂ ವರದಿ ಬರೆಯುತ್ತಾರೆ, ಆ ವರದಿಯ ಮೇಲೆ ಮೆಣಸಿ ಅಜ್ಜಿಯ ಮನೆಗೋ, ಕಾಯಂ ಆಗಿ ಆ ಸಾಕುವ ಮನೆಗೋ.

ಮೂರು ವಾರದಲ್ಲಿ ಇಂಗ್ಲಿಷ್ ಕಲಿಯಬೇಕು. ಐವತ್ತೆಂಟನೇ ವಯಸ್ಸಿನಲ್ಲಿ.

ಮಹಡಿಯ ಮೇಲಿನ ಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬನೇ ಇದ್ದ. ನಮ್ಮ ಮಾತಿನವನೇ, ಒಳ್ಳೆಯ ಮನುಷ್ಯ. ಕಚೇರಿಯ ಕಾಗದ ಬಂದರೆ ಓದಿ ಹೇಳುವವನು ಅವನೇ. ಎಲ್ಲರೂ ಅವನನ್ನು ಕಂಡಕ್ಟರಣ್ಣ ಎನ್ನುತ್ತಿದ್ದರು. ಅಜ್ಜಿ ಹೋಗಿ ಅವನ ಬಾಗಿಲಲ್ಲಿ ಕೂತಳು.

"ಅಣ್ಣಾ, ನಂಗೆ ಇಂಗ್ಲಿಷ್ ಕಲಿಸ್ಕೊಡಿ. ಇಲ್ದಿದ್ರೆ ನನ್ನ ಕೂಸು ನಂಗಿಲ್ಲ."

"ಅಷ್ಟಕ್ಕೆ ಯಾಕಮ್ಮ ಕಣ್ಣೀರು? ಒಂದೇ ಒಂದು ಮಾತು ಕಲಿ ಸಾಕು. ಗೆಟ್. ಆಡು ಮುಟ್ಟದ ಸೊಪ್ಪಿಲ್ಲ, ಗೆಟ್ ಒದಗದ ಕೆಲಸ ಇಲ್ಲ. ಮೂವತ್ತೊಂದು ವರ್ಷ ಅದೊಂದ್ರಲ್ಲೇ ಬಸ್ ನಡೆಸಿದೀನಿ ನಾನು!"

ಅವನು ಎದ್ದು ನಿಂತು ತೋರಿಸಿದ. ಒಳಗೆ ಬಾ ಅನ್ನಲು ಗೆಟ್ ಇನ್. ಇಳಿ ಅನ್ನಲು ಗೆಟ್ ಡೌನ್. ಏಳು ಅನ್ನಲು ಗೆಟ್ ಅಪ್. ಹಿಂದಕ್ಕೆ ಸರಿ ಅನ್ನಲು ಗೆಟ್ ಬ್ಯಾಕ್. ತಯಾರಾಗು ಅನ್ನಲು ಗೆಟ್ ರೆಡಿ. ಹೂಂ, ನಡಿ ನಡಿ ಅನ್ನಲು ಗೆಟ್ ಗೋಯಿಂಗ್. ಅಜ್ಜಿ ಬೆರಳು ಮಡಚುತ್ತಾ ಹೋದಳು. ಆರು ಬೆರಳಿಗೆ ಇಡೀ ಸಂಸಾರವೇ ಬಂದ ಹಾಗಿತ್ತು.

"ಇನ್ನೊಂದು ಗುಟ್ಟು ಹೇಳ್ತೀನಿ," ಎಂದ ಕಂಡಕ್ಟರಣ್ಣ. "ಇಂಗ್ಲಿಷನ್ನ ಮೆಲ್ಲಗೆ ಅಂದ್ರೆ ಯಾರಿಗೂ ಕೇಳ್ಸಲ್ಲ. ಹೊಟ್ಟೆಯಿಂದ ಬರ್ಬೇಕು ದನಿ. ಹಿಂದಿನ ಸೀಟಿನವನಿಗೂ ಮುಟ್ಬೇಕು. ಗೆಟ್ ಇನ್!"

"ಗೆಟ್ ಇನ್!" ಎಂದಳು ಅಜ್ಜಿ. ಕೆಳಮನೆಯ ನಾಯಿ ಬೊಗಳಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗಳು ಹೋದಮೇಲೆ ಅಜ್ಜಿ ನಕ್ಕದ್ದು ಅದೇ ಮೊದಲು.

"ಅಣ್ಣಾ, ಅವಳೇನಾದ್ರೂ ಕೇಳಿ, ನಂಗೆ ತಿಳೀದಿದ್ರೆ?"

"ನಗ್ತಾ ಯೆಸ್ ಯೆಸ್ ಅನ್ಬಿಡು. ಆಫೀಸಿನವರ ಮುಂದೆ ಯಾವತ್ತೂ ನೋ ಅನ್ಬಾರ್ದು."

"ಮತ್ತೆ... 'ನನ್ನ ಬಂಗಾರ, ನೀನಿಲ್ದೆ ಮನೆ ಬಿಕೋ ಅಂತಿದೆ' ಅನ್ನೋದಕ್ಕೆ?"

ಕಂಡಕ್ಟರಣ್ಣ ತಲೆ ಕೆರೆದುಕೊಂಡ. "ಅದೆಲ್ಲ ಮುಖ ನೋಡಿದ್ರೇ ಗೊತ್ತಾಗತ್ತೆ ಬಿಡಮ್ಮ."

ಮೂರು ವಾರ ರೋಲರಿನ ಮುಂದೆ ಇದೇ ಜಪ. ಎದುರಿಗೆ ದುಪ್ಪಟಿ ಹಿಡಿದವಳಿಗೆ ಗೆಟ್ ಬ್ಯಾಕ್, ಊಟದ ಗಂಟೆಗೆ ಗೆಟ್ ಗೋಯಿಂಗ್. ಮೇಸ್ತ್ರಿಗೂ ಒಂದು ದಿನ ಗೆಟ್ ರೆಡಿ ಅಂದಳು. ಲಾಂಡ್ರಿಗೆ ಲಾಂಡ್ರಿಯೇ ಕೇಕೆ ಹಾಕಿತು. ಅಜ್ಜಿ ಪಾಸಾದಳು ಎಂದು ಅವರವರಲ್ಲೇ ತೀರ್ಮಾನವೂ ಆಯಿತು.

ಎರಡನೇ ಭೇಟಿಗೆ ಅವಳು ಒಳ್ಳೆಯ ಸೀರೆ ಉಟ್ಟು, ಅರ್ಧ ಗಂಟೆ ಮೊದಲೇ ಹೋಗಿ ಕಾದಳು. ಕೋಣೆಯಲ್ಲಿ ಗಿಡ್ಡ ಕುರ್ಚಿಗಳು, ಒಂದು ಬುಟ್ಟಿ ಆಟದ ಸಾಮಾನು, ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದ ಕಿಟಕಿ. ಮೇಡಂ ಮೂಲೆಯಲ್ಲಿ ಪೆನ್ನು ಹಿಡಿದು ಕೂತಿದ್ದರು. ಬಾಗಿಲಲ್ಲಿ ಮೆಣಸಿ ಬಂದು ನಿಂತಳು. ಎರಡು ಹಲ್ಲು ಬಿದ್ದಿದ್ದವು. ಅಜ್ಜಿ ಬಾಯಿಗೆ ಬಂದ ನಮ್ಮ ಮಾತನ್ನೆಲ್ಲ ಹಲ್ಲು ಕಚ್ಚಿ ನುಂಗಿ, ಹೊಟ್ಟೆಯಿಂದ ದನಿಯೆತ್ತಿದಳು.

"ಗೆಟ್ ಇನ್!"

ಮಗು ಬೆಚ್ಚಿ ಒಳಗೆ ಬಂತು. ಬಂದಳಲ್ಲ! ಕಲಿತದ್ದು ಕೆಲಸಕ್ಕೆ ಬಂತಲ್ಲ ಎಂದು ಅಜ್ಜಿಗೆ ಹುರುಪೇರಿತು. ಮೆಣಸಿ ಕುರ್ಚಿಯ ಮೇಲೆ ನಿಂತು ಕಿಟಕಿಗೆ ಇಣುಕಿದಾಗ, ಬಿದ್ದುಗಿದ್ದಾಳೆಂದು ಹೆದರಿ, "ಗೆಟ್ ಡೌನ್!" ಎಂದಳು. ಮಗು ಇಳಿದು ನೆಲದ ಮೇಲೆ ಕೂತಿತು. ತಣ್ಣನೆ ನೆಲ, ಥಂಡಿಯಾದೀತು. "ಗೆಟ್ ಅಪ್!" ಮಗು ಎದ್ದಿತು. ಆಟದ ಬುಟ್ಟಿಯ ಮುರುಕು ತಗಡು ತಾಗೀತೆಂದು, "ಗೆಟ್ ಬ್ಯಾಕ್! ಗೆಟ್ ಬ್ಯಾಕ್!" ಎಂದು ಕೈ ಬೀಸಿದಳು. ಮಗು ಗೋಡೆಯವರೆಗೂ ಸರಿಯಿತು. ಮೂಲೆಯಲ್ಲಿ ಪೆನ್ನು ಸರಸರ ಓಡುತ್ತಿತ್ತು. ಅಜ್ಜಿ ಅದನ್ನು ನೋಡಿ ಮನಸ್ಸಿನಲ್ಲೇ ಕಂಡಕ್ಟರಣ್ಣನಿಗೆ ಕೈಮುಗಿದಳು.

ಅಷ್ಟು ಹೊತ್ತಿಗೆ ಮೆಣಸಿ ಗೋಡೆಗೆ ಒರಗಿಕೊಂಡೇ ಏನೋ ಕೇಳಿದಳು. ಸಣ್ಣ ದನಿ, ಉದ್ದನೆಯ ಮಾತು, ಅದರಲ್ಲಿ ಗೆಟ್ ಇರಲಿಲ್ಲ. ಕೇಳುವಾಗ ತುಟಿ ಅದುರುತ್ತಿತ್ತು. ನನ್ನನ್ನು ಮನೆಗೆ ಕರೆದುಕೊಂಡು ಹೋಗ್ತೀಯಾ ಅಂತಲೇ ಕೇಳ್ತಿದಾಳೆ ಎಂದು ಅಜ್ಜಿಗೆ ಅನ್ನಿಸಿತು. ಇನ್ನೇನು ಕೇಳೀತು ಕೂಸು?

"ಯೆಸ್, ಯೆಸ್!" ಎಂದಳು, ಮುಖದ ತುಂಬ ನಗುತ್ತಾ. ಕೋಲೆ ಬಸವನ ಹಾಗೆ ತಲೆಯನ್ನೂ ಆಡಿಸಿದಳು.

ಮಗು ಅಳತೊಡಗಿತು. ಅಜ್ಜಿಗೂ ಅಳು ಬಂತು. ಸಂತೋಷಕ್ಕೆ ಅಳುತ್ತಿದೆ ಎಂದುಕೊಂಡಳು, ಪಾಪಿ ಮುಂಡೇದು.

ಹದಿಮೂರು ದಿನಕ್ಕೆ ಕಾಗದ ಬಂತು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಒಡೆಯದೆ ಮಹಡಿಗೆ ಒಯ್ದಳು. ಮಂಚದ ಮೇಲೆ ಹೊಸ ಹೊದಿಕೆ ಹಾಸಿ ಬಂದಿದ್ದಳು. ಕಂಡಕ್ಟರಣ್ಣ ಕನ್ನಡಕ ಏರಿಸಿ, ಎಂದಿನಂತೆ ಒಂದೊಂದೇ ಸಾಲು ಓದಿ ನಮ್ಮ ಮಾತಿನಲ್ಲಿ ಹೇಳತೊಡಗಿದ.

"'ಅಜ್ಜಿ ಮಗುವಿನೊಂದಿಗೆ ಆಜ್ಞೆಗಳಲ್ಲಿ ಮಾತ್ರ ಮಾತನಾಡಿದರು. ಭೇಟಿಯುದ್ದಕ್ಕೂ ದನಿ ಜೋರಾಗಿತ್ತು. ಪ್ರೀತಿಯ ಮಾತು ಒಂದೂ ಬರಲಿಲ್ಲ. ಮಗುವನ್ನು ಗೋಡೆಯವರೆಗೆ ಹಿಂದಕ್ಕೆ ಸರಿಸಿದರು.'"

ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ಮುಂದಿನ ಸಾಲಿಗೆ ಬಂದವನು ನಿಂತೇಬಿಟ್ಟ. ಮುಖ ಬಿಳಿಚಿಕೊಂಡಿತು.

"ಓದಿ ಅಣ್ಣಾ."

"ಇಷ್ಟೇ ಅಮ್ಮ. ಮಿಕ್ಕಿದ್ದು ಬರೀ ಕಾನೂನು."

"ನಿಮ್ಮ ಮುಖ ಹಾಗನ್ನಲ್ಲ. ನನ್ನ ಮೇಲಾಣೆ, ಓದಿ."

ಅವನು ಕಾಗದವನ್ನು ಮಡಚಿ, ಮತ್ತೆ ಬಿಡಿಸಿದ. "'ಮಗು ಅಜ್ಜಿಯನ್ನು ಕೇಳಿತು: ನನ್ನ ಮೇಲೆ ಕೋಪಾನಾ, ಅಮ್ಮ ಸತ್ತಿದ್ದು ನನ್ನಿಂದ ಅಂತಾನಾ?'" ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. "'ಅಜ್ಜಿ ನಗುತ್ತಾ, ಹೌದು, ಹೌದು ಎಂದರು.'"

ಅಜ್ಜಿ ಕೂತಲ್ಲೇ ಕೂತಿದ್ದಳು. ಮಗುವನ್ನು ಸಾಕುವ ಮನೆಗೇ ಕಾಯಂ ಮಾಡಿದೆ, ಅದರ ಮನಸ್ಸಿಗೆ ಆಘಾತವಾಗಿರುವುದರಿಂದ ಇನ್ನು ಮುಂದೆ ಭೇಟಿಯಾಗಲಿ, ಪತ್ರವಾಗಲಿ, ಫೋನಾಗಲಿ ಇಲ್ಲ ಎಂದು ಕಂಡಕ್ಟರಣ್ಣ ಉಳಿದದ್ದನ್ನೂ ಓದಿದ. ಓದಿ ಮುಗಿಸಿ ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ.

"ತಪ್ಪು ನಂದು ತಾಯೀ. ಬಸ್ಸಲ್ಲಿ ಜನರನ್ನ ಹತ್ತಿಸಿ ಇಳಿಸಿದ್ದು ಬಿಟ್ರೆ ನಾನೇನು ಮಾಡಿದೀನಿ? ಆ ಭಾಷೇಲಿ ಯಾರ ಹತ್ರಾನೂ ಪ್ರೀತಿಯಿಂದ ಒಂದು ಮಾತಾಡಿಲ್ಲ. ಬರೋದನ್ನ ಕಲಿಸ್ದೆ. ನನ್ನ ನಾಲಿಗೆ ಬಿದ್ದುಹೋಗ!"

ಅಜ್ಜಿ ಅವನನ್ನು ಬೈಯಲಿಲ್ಲ. ಬೈದಿದ್ದರೇ ಅವನಿಗೆ ಮೇಲಾಗುತ್ತಿತ್ತು.

ಮರುದಿನ ಇಬ್ಬರೂ ಕಚೇರಿಗೆ ಹೋದರು. ಕಂಡಕ್ಟರಣ್ಣ ಗಾಜಿನ ಕಿಟಕಿಯ ಮುಂದೆ ನಿಂತು, ತಪ್ಪು ತನ್ನದೆಂದು, ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲವೆಂದು ಮತ್ತೆ ಮತ್ತೆ ಹೇಳಿದ. ಬರೆದುಕೊಟ್ಟು ಹೋಗಿ ಎಂದರು. ಬರೆದುಕೊಟ್ಟ. ಒಂದೂವರೆ ತಿಂಗಳಿಗೆ ಉತ್ತರ ಬಂತು: ತೀರ್ಮಾನದಲ್ಲಿ ಬದಲಾವಣೆ ಇಲ್ಲ, ಮಗು ಹೊಂದಿಕೊಂಡಿದೆ.

ಆ ದಿನ ಸಂಜೆ ಅಜ್ಜಿ ಮತ್ತೆ ಮಹಡಿ ಹತ್ತಿ ಬಂದಳು.

"ಅಣ್ಣಾ, 'ಕೋಪ ಇಲ್ಲ ಕಂದಾ, ನಿನ್ನಿಂದ ಏನೂ ಆಗ್ಲಿಲ್ಲ' ಅನ್ನೋದಕ್ಕೆ ಏನಂತಾರೆ?"

ಕಂಡಕ್ಟರಣ್ಣನಿಗೆ ಅದು ನೆಟ್ಟಗೆ ಬರುತ್ತಿರಲಿಲ್ಲ. ಎದುರು ಬೀದಿಯ ಔಷಧದಂಗಡಿಯವಳ ಹತ್ತಿರ ಹೋಗಿ, ಅಜ್ಜಿ ಕೇಳಿದ್ದನ್ನು ಹೇಳಿ, ಚೀಟಿಯಲ್ಲಿ ಬರೆಸಿಕೊಂಡು ಬಂದ. ಮೆಲ್ಲಗೆ ಹೇಳಬೇಕಂತೆ ಎಂದೂ ತಿಳಿಸಿದ. ಅಜ್ಜಿ ಅವನ ಬಾಯನ್ನೇ ನೋಡುತ್ತಾ ಕೇಳಿ, ಮೆಲ್ಲಗೆ ಹೇಳಿದಳು. ಒಂದೇ ಸಲಕ್ಕೆ ಬಂತು.

"ಸರಿಯಾಯ್ತಾ ಅಣ್ಣಾ?"

"ಸರಿಯಾಯ್ತಮ್ಮ."

ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ ಕೆಳಗಿಳಿದು ಹೋಗಿ, ಚಿಕ್ಕ ಮಂಚದ ಅಂಚಿಗೆ ಕೂತು, ಹೊದಿಕೆಯ ಮೇಲೆ ಕೈಯಾಡಿಸುತ್ತಾ ಅದನ್ನೇ ಹೇಳತೊಡಗಿದಳು.