ಒಪ್ಪಿಗೆಯ ಕೆಳಗಿನ ಹಲ್ಲು

ನಮ್ಮ ಯಜಮಾನರು ಹಲ್ಲಿನ ಸೆಟ್ಟು ಮಾಡುವವರು. ಡಾಕ್ಟರುಗಳು ದವಡೆಯ ಅಚ್ಚು ಕಳಿಸುತ್ತಾರೆ, ಇವರು ಹಲ್ಲು ಕೂರಿಸುತ್ತಾರೆ. ಫೋನ್ ಬಂದರೆ ಮಾತ್ರ ಒಳಗೆ ಓಡುತ್ತಾರೆ. ಹಾಗಾಗಿ ಫೋನು, ಇ-ಮೇಲು, ಬಿಲ್ಲು, ಬೈಗುಳ ಎಲ್ಲ ನನ್ನ ಇಲಾಖೆ. ಮದುವೆಯಾದ ವರ್ಷ ಅತ್ತೆ ಬಿಡಿಸಿದ್ದ ಓದನ್ನು ಈ ವಯಸ್ಸಿನಲ್ಲಾದರೂ ಮುಗಿಸೋಣವೆಂದು ಸಂಜೆ ಕಾಲೇಜಿಗೆ ಅರ್ಜಿ ಹಾಕಿದ್ದೆ. ಸೀಟೂ ಸಿಕ್ಕಿತ್ತು. ಇವತ್ತು ಐದು ಗಂಟೆಯೊಳಗೆ ‘ಬರುತ್ತೇನೆ’ ಎಂದು ಮೇಲ್ ಮಾಡದಿದ್ದರೆ ಅದು ಬೇರೆಯವರ ಪಾಲು.

ಉತ್ತರ ಬರೆಯಲು ಒತ್ತಿದೆ. ಕಂಪ್ಯೂಟರಿನ ಪರದೆ ಬೆಳ್ಳಗಾಗಿ ಮೇಲ್ ಮಾಯವಾಯಿತು. ಮತ್ತೆ ತೆರೆದೆ, ಮತ್ತೆ ಮಾಯ. ಆಫ್ ಮಾಡಿ ಆನ್ ಮಾಡಿದೆ. ವೈರು ಕಿತ್ತು ಸಿಕ್ಕಿಸಿದೆ. ಪ್ಲಾಸ್ಟರಿನ ಧೂಳು ಒರೆಸಿದೆ. ಊಹೂಂ! ಮೊಬೈಲಿನಲ್ಲಿ ಕಳಿಸೋಣವೆಂದರೆ ಪಾಸ್‌ವರ್ಡು ಗೊತ್ತಿರುವುದು ಈ ದರಿದ್ರ ಕಂಪ್ಯೂಟರಿಗೆ ಮಾತ್ರ. ಕಾಲೇಜಿಗೆ ಫೋನ್ ಮಾಡಿದರೆ, “ಮೇಲ್‌ನಲ್ಲೇ ಬರ್ಬೇಕು ಮೇಡಂ” ಎಂದು ಗುಮಾಸ್ತ ಇಟ್ಟೇಬಿಟ್ಟ.

ನಾಲ್ಕೂವರೆಯಾಯಿತು. ನನಗೆ ಅಳು ಬಂತು. ಅಳು ಬಂದರೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಯಜಮಾನರು ಎದುರಿಗೇ ಇರುತ್ತಾರೆ.

“ನಾನು ಓದೋದು ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ! ಕಂಪ್ಯೂಟರ್ ಯಾಕ್ರೀ ಕೆಡಿಸ್ತೀರಿ?”

“ಅಯ್ಯೋ, ನಾನೇನೇ ಮಾಡ್ದೆ?” ಎಂದರು, ಕೈಯಲ್ಲಿದ್ದ ಕೆಳದವಡೆಯನ್ನೇ ಮುಟ್ಟಿ ಆಣೆ ಮಾಡುವವರಂತೆ.

ಆಗ ನನ್ನ ತಲೆ ಓಡಿತು. ಬಂದ ಮೇಲ್ ಓದಿದರೆ ಏನೂ ಆಗುತ್ತಿಲ್ಲ. ಬರೆಯಹೊರಟರೆ ಮಾತ್ರ ಸಾಯುತ್ತದೆ.

“ನಿನ್ನೆ ಇದನ್ನ ಮುಟ್ಟಿದ್ರಾ?”

“ಮುಟ್ಟಿದೆ... ನಾವು ಕಳ್ಸೋ ಎಲ್ಲಾ ಮೇಲ್ ಕೆಳಗೂ ನಮ್ಮ ಹೆಸರು ತಾನಾಗೇ ಬರೋ ಹಾಗೆ ಮಾಡ್ದೆ.”

“ಬರೀ ಹೆಸರಾ?”

“ಜೊತೆಗೆ ಒಂದೆರಡು ಹಲ್ಲು.”

ಸೆಟ್ಟಿಂಗ್ ತೆರೆದು ನೋಡಿದೆ. ಒಂದೆರಡಂತೆ! ಇಷ್ಟು ವರ್ಷ ಮಾಡಿದ ಸೆಟ್ಟುಗಳೆಲ್ಲ ಗೋಡೆಗೆ ಅಂಟಿಸುವಷ್ಟು ದೊಡ್ಡ ಫೋಟೋಗಳಲ್ಲಿ ಸಾಲಾಗಿ ಕಿಸಿಯುತ್ತಿದ್ದವು. ಹೊಸ ಮೇಲ್ ತೆರೆದಾಗಲೆಲ್ಲ ಕಂಪ್ಯೂಟರ್ ಪಾಪ, ಅಷ್ಟನ್ನೂ ಹೊರಲು ಹೋಗಿ ಕುಸಿಯುತ್ತಿತ್ತು.

ಒಂದೊಂದೇ ಅಳಿಸತೊಡಗಿದೆ. “ಅದು ಎಷ್ಟು ಚೆನ್ನಾಗಿ ಬಂದಿತ್ತು ಕಣೇ” ಎಂದು ಇವರು ಪಕ್ಕದಲ್ಲಿ ನಿಂತು ನರಳಿದರು. ಎಲ್ಲ ಹಲ್ಲುಗಳ ಕೆಳಗೆ ಒಂದು ಸಾಲಿತ್ತು: ‘ಇನ್ನು ಮುಂದೆ ಸಂಜೆ ಹೊತ್ತು ಫೋನ್ ನಾನೇ ಎತ್ತುತ್ತೇನೆ. ನನ್ನ ಹೆಂಡತಿ ಕಾಲೇಜಿಗೆ ಹೋಗುತ್ತಾಳೆ.’

ಬಾಯಿಗೆ ಬಂದಿದ್ದ ಬೈಗುಳವನ್ನು ಅಲ್ಲೇ ನುಂಗಿದೆ. ಫೋನ್ ಎಂದರೆ ಬೆವರುವ ಮನುಷ್ಯ!

“ಒಂದೇ ಒಂದು ಇಟ್ಕೊಳ್ಳಿ. ಯಾವುದು ಬೇಕು?”

ಯೋಚಿಸದೆ ಬೆರಳಿಟ್ಟರು. ಅದೊಂದನ್ನು ಚಿಕ್ಕದು ಮಾಡಿ ಇಟ್ಟು, ಉಳಿದವನ್ನೆಲ್ಲ ಅಳಿಸಿ, ‘ಬರುತ್ತೇನೆ’ ಎಂದು ಬರೆದು ಒತ್ತಿದೆ. ಐದಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಮೇಲ್ ಹೋಯಿತು.

“ಅಂದ ಹಾಗೆ, ಅದ್ಯಾರ ಹಲ್ಲು?” ಎಂದು ಆಮೇಲೆ ಕೇಳಿದೆ.

“ನಮ್ಮಮ್ಮಂದು.”

ಅಂತೂ ನನ್ನ ಓದು ಬಿಡಿಸಿದ ಅತ್ತೆಯೇ ಬಾಯ್ತುಂಬ ನಗುತ್ತ ಹೋಗಿ ನನ್ನನ್ನು ಕಾಲೇಜಿಗೆ ಸೇರಿಸಿದರು.